ನನ್ನ ರ‍್ಯಾಪ್ ನಾನೇ ಬಿಡುಗಡೆ ಮಾಡಬಹುದಾ?

ಪ್ರಶ್ನೆ: ಕನ್ನಡದಲ್ಲಿ ರ‍್ಯಾಪ್ ಬರೆದು ಹಾಡುತ್ತೇನೆ. ಹಾಡಿನ ಪೂರ್ತಿ ಹಕ್ಕು ಕೊಟ್ಟರೆ ಬಿಡುಗಡೆ ಮಾಡುತ್ತೇವೆ ಎನ್ನುತ್ತಿದೆ ಒಂದು ಕಂಪನಿ. ಸ್ಪಾಟಿಫೈಗೆ ನಾನೇ ಹಾಕಬಹುದಾ?
– ಓದುಗ, ಮಂಡ್ಯ

ಉತ್ತರ: ಖಂಡಿತ ಹಾಕಬಹುದು. ನೇರವಾಗಿ ಅಲ್ಲ, ನಡುವೆ ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಸ್ಪಾಟಿಫೈನಂಥ ಕಡೆಗೆ ತಲುಪಿಸುವ ಕಂಪನಿ ಬೇಕು. ಅವರು ಶುಲ್ಕವನ್ನೋ ಗಳಿಕೆಯಲ್ಲಿ ಪಾಲನ್ನೋ ತೆಗೆದುಕೊಳ್ಳುತ್ತಾರೆ, ಹಕ್ಕು ಮಾತ್ರ ನಿಮ್ಮದೇ. ಹಾಗಿರುವಾಗ ಪೂರ್ತಿ ಹಕ್ಕು ಸುಮ್ನೆ ಯಾಕೆ ಬರೆದುಕೊಡಬೇಕು?

ನನಗೆ ಜಾಸ್ತಿ ಚಿಂತೆ ನಿಮ್ಮ ಬೀಟ್‌ದು, ಅಂದರೆ ರ‍್ಯಾಪ್ ಹಿಂದಿನ ಸಂಗೀತದ್ದು. ಯೂಟ್ಯೂಬಿನ ‘ಫ್ರೀ ಬೀಟ್’ ಸಾಮಾನ್ಯವಾಗಿ ಕಾಸು ಮಾಡದ ಹಾಡಿಗೆ ಮಾತ್ರ ಫ್ರೀ. ದುಡ್ಡು ಕೊಟ್ಟು ಲೀಸ್‌ಗೆ (ಬಳಸುವ ಅನುಮತಿ ಮಾತ್ರ) ತೆಗೆದುಕೊಂಡರೆ ಅದೇ ಬೀಟ್ ಬೇರೆಯವರಿಗೂ ಹೋಗಿರುತ್ತದೆ, ಅದಕ್ಕೇ ಅಂಥ ಹಾಡನ್ನು ಕಂಟೆಂಟ್ ಐಡಿಗೆ (ನಿಮ್ಮ ಹಾಡಿಗೆ ಹೊಂದುವ ವಿಡಿಯೊಗಳನ್ನು ತಾನಾಗೇ ಹುಡುಕುವ ಯೂಟ್ಯೂಬ್ ವ್ಯವಸ್ಥೆ) ಸೇರಿಸಬೇಡಿ, ಸೇರಿಸಿದರೆ ಅವರ ಹಾಡುಗಳ ಮೇಲೆಲ್ಲ ನಿಮ್ಮ ಕ್ಲೇಮ್ ಬಿದ್ದು ಜಗಳ ಶುರುವಾಗುತ್ತದೆ. ಗೆಳೆಯರೇ ಬೀಟ್ ಮಾಡಿಕೊಟ್ಟರೂ ಪಾಲು ಎಷ್ಟು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ದುಡ್ಡಿನ ವಿಷಯ: ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1000 ಸಲವಾದರೂ ಪ್ಲೇ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ (ಧ್ವನಿಮುದ್ರಣಕ್ಕೆ ಸಿಗುವ ಪಾಲು) ಸಿಗುವುದಿಲ್ಲ. ಸಾಹಿತ್ಯ ನಿಮ್ಮದೇ ಅಲ್ವಾ, ಹಾಡು ಬರೆದವರ, ಸಂಗೀತ ಮಾಡಿದವರ ರಾಯಲ್ಟಿ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ. ಬರೆದವರಿಗೆ ಬರುವ ರಾಯಲ್ಟಿಯೇ ಬೇರೆ, 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಆ ಪಾಲನ್ನು ಕಂಪನಿಗೆ ಬಿಟ್ಟುಕೊಡಿ ಎಂದು ಒಪ್ಪಂದದಲ್ಲಿ ಬರೆಸಿಕೊಂಡರೂ ಅದು ನಡೆಯುವುದಿಲ್ಲ.