ಐದು ತಿಂಗಳ ಬೆಕ್ಕಿನ ಮರಿಯನ್ನು ಬೆಂಗಳೂರಿನಲ್ಲಿ ಹೊರಗೆ ಬಿಡಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಜೆ.ಪಿ. ನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಐದು ತಿಂಗಳ ಹೆಣ್ಣು ಮರಿ, ಒಂದೇ ಒಂದು ಲಸಿಕೆ ಆಗಿದೆ. ಸಂಜೆಯಾದರೆ ಬಾಗಿಲ ಹತ್ತಿರ ಕೂತು ಒಂದೇ ಸಮನೆ ಕೂಗುತ್ತದೆ. ನಿಮ್ಮ ಅತ್ತೆ "ಬೆಕ್ಕನ್ನ ಕೂಡಿ ಹಾಕೋದು ಪಾಪ ಕಣಮ್ಮ, ಬಿಟ್ಟುಬಿಡು, ಅದೇ ಬರುತ್ತೆ" ಅನ್ನುತ್ತಾರೆ. ಬಿಡಬೇಕಾ ಬೇಡವಾ ಅಂತ ಕೇಳಿದ್ದೀರಿ.

ಈಗಂತೂ ಬಿಡಬೇಡಿ. ನಾನು ಡಾಕ್ಟರ್ ಅಲ್ಲ, ವಿಜಯನಗರದಲ್ಲಿ 12 ವರ್ಷದಿಂದ ಬೆಕ್ಕು ಸಾಕಿಕೊಂಡು ಬಂದವಳು. ಬಿಟ್ಟು ನೋಡಿದ್ದೇನೆ, ಬಿಡದೆಯೂ ನೋಡಿದ್ದೇನೆ.

ಅತ್ತೆಯ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ತಿಪಟೂರಿನ ಹತ್ತಿರ ನಮ್ಮ ಅಜ್ಜಿ ಮನೆಯಲ್ಲೂ ಬೆಕ್ಕಿಗೆ ಬಾಗಿಲು ಅನ್ನೋದೇ ಇರಲಿಲ್ಲ. ಅಟ್ಟದಿಂದ ಹೆಂಚಿಗೆ, ಹೆಂಚಿನಿಂದ ಕೊಟ್ಟಿಗೆಗೆ ಓಡಾಡಿಕೊಂಡಿರುತ್ತಿದ್ದವು. ಚೆನ್ನಾಗಿದ್ದವು ಅಂತಲೇ ನನ್ನ ನೆನಪು. ಆದರೆ ಈಗ ಕೂತು ಲೆಕ್ಕ ಹಾಕಿದರೆ, ಬೇಸಿಗೆ ರಜೆಗೆ ಹೋದಾಗ ಇದ್ದ ಬೆಕ್ಕು ದಸರಾ ರಜೆಗೆ ಹೋದಾಗ ಇರುತ್ತಿರಲಿಲ್ಲ. "ಕೆಂಚಿ ಎಲ್ಲಜ್ಜಿ?" ಅಂದರೆ "ಎಲ್ಲೋ ಹೋಯ್ತು ಕಣೇ, ಬೆಕ್ಕು ಏಳು ಮನೆ ತಿರುಗೋ ಜಾತಿ" ಅಂತ ಹೇಳಿ, ಹೊಸ ಮರಿಯೊಂದಕ್ಕೆ ಹಾಲು ಅನ್ನ ಕಲಸುತ್ತಿದ್ದರು. ಆ ಮನೆಯಲ್ಲಿ ಮುದಿ ಬೆಕ್ಕು ಅಂತ ಒಂದನ್ನೂ ನಾನು ನೋಡಿದ್ದಿಲ್ಲ. ಯಾವುದೂ ಮುದಿಯಾಗುವ ತನಕ ಉಳಿಯುತ್ತಲೇ ಇರಲಿಲ್ಲ ಅನ್ನೋದು ನನಗೆ ಹೊಳೆದದ್ದು ತೀರಾ ಈಚೆಗೆ. ಮನೆಯೊಳಗೆ ಸಾಕಿದ ಬೆಕ್ಕು 12ರಿಂದ 15 ವರ್ಷ ಬದುಕುವುದು ಮಾಮೂಲು.

ಐದು ತಿಂಗಳು ಅನ್ನೋದೇ ಒಂದು ಎಡವಟ್ಟು ವಯಸ್ಸು. ಕಾಲಿಗೆ ಪೂರ್ತಿ ಬಲ ಬಂದಿರುತ್ತದೆ, ತಲೆಗೆ ಇನ್ನೂ ಬಂದಿರುವುದಿಲ್ಲ. ಕಾಂಪೌಂಡ್ ಹಾರುವುದು ಗೊತ್ತು, ಆಚೆ ಏನಿದೆ ಅಂತ ನೋಡಿ ಹಾರುವುದು ಗೊತ್ತಿಲ್ಲ. ದೊಡ್ಡ ಬೆಕ್ಕು ನಾಯಿ ಕಂಡರೆ ಮೊದಲು ಹತ್ತುವ ಜಾಗ ಹುಡುಕುತ್ತದೆ. ಮರಿ ನಿಂತು ನೋಡುತ್ತದೆ. ನಮ್ಮೂರಿನ ಬೀದಿಯಲ್ಲಿ ಹಾಗೆ ನಿಂತು ನೋಡುವಷ್ಟು ಪುರುಸೊತ್ತು ಎಲ್ಲಿದೆ? 2023ರಲ್ಲಿ ಪಾಲಿಕೆ ಮಾಡಿಸಿದ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಹತ್ತಿರ ಹತ್ತಿರ 2.79 ಲಕ್ಷ. ನಾನು ನಾಯಿಗಳನ್ನು ಬೈಯುತ್ತಿಲ್ಲ, ನಮ್ಮ ಬೀದಿಯ ಕರಿಯನಿಗೆ ದಿನಾ ಬಿಸ್ಕತ್ ಹಾಕುವವಳೇ ನಾನು. ಆದರೆ ರಾತ್ರಿ ಹನ್ನೊಂದರ ಮೇಲೆ ಅದೇ ಕರಿಯ ಇನ್ನು ನಾಲ್ಕು ನಾಯಿ ಸೇರಿಸಿಕೊಂಡರೆ ಬೇರೆಯೇ ಪ್ರಾಣಿ.

ನಾಯಿ, ಗಾಡಿ ಎಲ್ಲರಿಗೂ ಕಾಣುತ್ತವೆ. ನನಗೆ ಪಾಠ ಕಲಿಸಿದ್ದು ಕಾಣದೇ ಇರುವ ವಸ್ತು.

ಗುಂಡ ಅಂತ ಒಂದು ಗಂಡು ಮರಿ ಇತ್ತು. ಆರು ತಿಂಗಳು. ಹಗಲು ಎರಡು ಮೂರು ಗಂಟೆ ಹೊರಗೆ ಸುತ್ತಿ, ನಾಲ್ಕಕ್ಕೆ ಸರಿಯಾಗಿ ಬಂದು ಊಟಕ್ಕೆ ಕೂಗುತ್ತಿದ್ದ. ಒಂದು ಬುಧವಾರ ಬಂದವನು ತಟ್ಟೆ ಮೂಸಿ ಹಾಗೇ ಹೋಗಿ ಮಲಗಿದ. ಸೆಕೆ ಇರಬೇಕು ಅಂದುಕೊಂಡೆ. ಮಾರನೇ ದಿನ ಎತ್ತಿಕೊಂಡಾಗ ಹೊಟ್ಟೆಯ ಕೆಳಗೆ, ಕೂದಲು ತೆಳುವಾಗಿರುವ ಕಡೆ, ನೇರಳೆ ಬಣ್ಣದ ಕಲೆ ಕಾಣಿಸಿತು. ಯಾರೋ ಒದ್ದಿದ್ದಾರೆ ಅಂತ ಕೋಪ ಬಂತು. ಡಾಕ್ಟರ್ ಕಲೆಯ ಕಡೆ ಜಾಸ್ತಿ ನೋಡಲೇ ಇಲ್ಲ. ತುಟಿ ಎತ್ತಿ ಒಸಡು ತೋರಿಸಿದರು. ನಸುಗೆಂಪು ಇರಬೇಕಾದ ಒಸಡು ಸುಣ್ಣ ಬಳಿದ ಗೋಡೆಯ ಹಾಗಿತ್ತು. "ನಿಮ್ಮ ಬೀದಿಯಲ್ಲಿ ಯಾರಾದರೂ ಇಲಿ ಪಾಷಾಣ ಇಟ್ಟಿದ್ದಾರಾ?" ಅಂತ ಕೇಳಿದರು.

ಇಟ್ಟಿದ್ದರು. ಎರಡು ಮನೆ ಆಚೆ, ಕಾರಿನ ವೈರ್ ಕಚ್ಚುತ್ತಿದ್ದ ಇಲಿಗಳಿಗೆ ಅಂತ ಕೇಕ್ ಇಟ್ಟಿದ್ದರು. ಅವರದ್ದೂ ತಪ್ಪು ಅನ್ನಲಾರೆ. ಗುಂಡ ಕೇಕನ್ನೇ ನೆಕ್ಕಿದನೋ, ಅದನ್ನು ತಿಂದ ಇಲಿಯನ್ನು ತಿಂದನೋ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಸಿಗುವ ಕೇಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು, ಈ ವಿಷ ಅದಕ್ಕೇ ಕಲ್ಲು ಹಾಕುತ್ತದೆ. ಮೈಯಲ್ಲಿ ಮೊದಲೇ ಇರುವ ದಾಸ್ತಾನು ಖಾಲಿಯಾಗುವ ತನಕ ಏನೂ ತೋರುವುದಿಲ್ಲ. ಮೂರರಿಂದ ಐದು ದಿನ ಕಳೆದ ಮೇಲೆ ಒಳಗೊಳಗೇ ರಕ್ತ ಸುರಿಯಲು ಶುರುವಾಗುತ್ತದೆ. ವಿಷ ತಿಂದ ಇಲಿಯೂ ತಕ್ಷಣ ಸಾಯುವುದಿಲ್ಲ. ಕೆಲವು ದಿನ ತೂಕಡಿಸಿಕೊಂಡು ಅಂಗಳದಲ್ಲೇ ಓಡಾಡುತ್ತದೆ. ಬೇಟೆ ಈಗಷ್ಟೇ ಕಲಿಯುತ್ತಿರುವ ಮರಿಗೆ ಅಂಥ ಇಲಿಗಿಂತ ಸುಲಭದ ಇಲಿ ಇನ್ನೊಂದಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತಾರೆ. ಇಲ್ಲಿ ಎರಡಕ್ಕೂ ಪ್ರಾಣಸಂಕಟ.

ಗುಂಡ ಉಳಿದ. ಮೊದಲು ಇಂಜೆಕ್ಷನ್, ಆಮೇಲೆ ನಾಲ್ಕು ವಾರ ವಿಟಮಿನ್ ಕೆ1 ಮಾತ್ರೆ. ಬೆಕ್ಕಿಗೆ ನಾಲ್ಕು ವಾರ ಮಾತ್ರೆ ನುಂಗಿಸಿದವರ ಕೈ ಹೇಗಿರುತ್ತದೆ ಅಂತ ನನ್ನ ಕೈ ನೋಡಿದ್ದರೆ ಗೊತ್ತಾಗುತ್ತಿತ್ತು. ಎಲ್ಲರ ಅದೃಷ್ಟವೂ ಹೀಗಿರುವುದಿಲ್ಲ. ಇಲಿಗೆ ಇಡುವ ಇನ್ನೊಂದು ಪಾಷಾಣ ಜಿಂಕ್ ಫಾಸ್ಫೈಡ್, ಕಪ್ಪು ಪುಡಿ. ಅದು ಹೊಟ್ಟೆಗೆ ಹೋದರೆ ದಿನಗಟ್ಟಲೆ ಕಾಯುವುದಿಲ್ಲ, ಗಂಟೆಗಳ ಲೆಕ್ಕ. ಅದಕ್ಕೆ ಮದ್ದು ಅಂತ ಒಂದಿಲ್ಲ, ಲಕ್ಷಣ ನೋಡಿ ಚಿಕಿತ್ಸೆ ಅಷ್ಟೇ. ಆದ್ದರಿಂದ ಮರಿ ಊಟ ಬಿಟ್ಟರೆ ನನ್ನ ಹಾಗೆ "ಸೆಕೆ ಇರಬೇಕು" ಅಂದುಕೊಳ್ಳಬೇಡಿ. ತುಟಿ ಎತ್ತಿ ಒಸಡು ನೋಡಿ.

ಇನ್ನು ನಿಮ್ಮ ಮರಿ ಹೆಣ್ಣು. ನಾಲ್ಕು ತಿಂಗಳಿಗೇ ಬೆದೆಗೆ ಬರುವ ಬೆಕ್ಕುಗಳಿವೆ. ಸಂಜೆ ಬಾಗಿಲ ಹತ್ತಿರ ಕೂಗುತ್ತದೆ ಅಂದಿರಲ್ಲ, ಅದು ಬರೀ ಆಟದ ಹುಮ್ಮಸ್ಸೋ, ಬೆದೆಯ ಕೂಗೋ ಒಮ್ಮೆ ಗಮನಿಸಿ. ನೆಲದ ಮೇಲೆ ಹೊರಳಾಡಿ, ಬೆನ್ನು ಸವರಿದರೆ ಹಿಂಭಾಗ ಎತ್ತಿ ಬಾಲ ಪಕ್ಕಕ್ಕೆ ಸರಿಸುತ್ತಿದ್ದರೆ ಅದು ಬೆದೆಯೇ. ಒಂದೇ ಒಂದು ಸಂಜೆ ಬಿಟ್ಟರೂ ಸಾಕು, ಸುಮಾರು 63ರಿಂದ 65 ದಿನಕ್ಕೆ ಮರಿಗಳು. ನಮ್ಮ ಮಿನ್ನಿ ಹೀಗೇ ಏಳೂವರೆ ತಿಂಗಳಿಗೆ ಬಾಣಂತಿ ಆದಳು, ಅದೂ ನನ್ನ ಮದುವೆ ಸೀರೆಗಳ ಮೇಲೆ. ಈಗ ನಗು ಬರುತ್ತದೆ. ಆದರೆ ಅವಳ ನಾಲ್ಕು ಮರಿಗಳಲ್ಲಿ ಉಳಿದದ್ದು ಒಂದು. ತಾಯಿಯೇ ಇನ್ನೂ ಮರಿ, ಹಾಲು ಸಾಲಲಿಲ್ಲ. ಆ ಒಂದೇ ಗುಂಡ.

ಐದು ತಿಂಗಳು ತುಂಬಿದ ಆರೋಗ್ಯವಂತ ಮರಿಗೆ ಸಂತಾನಹರಣ ಆಪರೇಷನ್ ಮಾಡಿಸಬಹುದು. "ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸಿ" ಅಂತ ಯಾರಾದರೂ ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಮರಿ ಹಾಕುವುದರಿಂದ ಬೆಕ್ಕಿಗೆ ಆರೋಗ್ಯದ ಲಾಭ ಏನೂ ಇಲ್ಲ. ದುಡ್ಡಿನ ಚಿಂತೆ ಇದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇವೆ, ಹೋಗಿ ವಿಚಾರಿಸಿ. ಆಪರೇಷನ್ ಆದ ಮೇಲೆ ಹತ್ತು ಹದಿನಾಲ್ಕು ದಿನ ಹಾರಾಟ ಇಲ್ಲದೆ ಒಳಗೇ ಇರಬೇಕು. ಗಂಡು ಬೆಕ್ಕಾದರೂ ಇದೇ ಮಾತು. ಆಪರೇಷನ್ ಆಗದ ಗಂಡು ದೂರ ದೂರ ಅಲೆಯುತ್ತದೆ, ಕಿತ್ತಾಡುತ್ತದೆ. ಬೆಕ್ಕಿನ ಏಡ್ಸ್ ಅಂತ ಕರೆಯುವ ಎಫ್‌ಐವಿ ಹರಡುವುದೇ ಮುಖ್ಯವಾಗಿ ಆ ಕಚ್ಚಾಟದಲ್ಲಿ. ಅದು ಮನುಷ್ಯರಿಗೆ ಬರುವುದಿಲ್ಲ, ಬೆಕ್ಕಿಗೆ ಬಂದರೆ ಪೂರ್ತಿ ವಾಸಿಯಾಗುವುದಿಲ್ಲ.

ಲಸಿಕೆಯ ವಿಷಯದಲ್ಲಿ ನಿಮಗೆ ಸ್ವಲ್ಪ ಅವಸರ ಇರಲಿ. "ಒಂದು ಆಗಿದೆ" ಅಂದರೆ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವ ತನಕ ಲಸಿಕೆ ಸರಿಯಾಗಿ ಹಿಡಿಯದೇ ಹೋಗಬಹುದು. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ದಾಟುವ ತನಕ ಕೊಡುವುದು. ಅದು ತಡೆಯುವ ರೋಗಗಳಲ್ಲಿ ಮುಖ್ಯವಾದದ್ದು ಪ್ಯಾನ್‌ಲ್ಯೂಕೋಪೀನಿಯಾ, ಬೆಕ್ಕಿನ ಪಾರ್ವೋ ಅಂತಲೂ ಕರೆಯುವ ವೈರಸ್ ಕಾಯಿಲೆ. ವಾಂತಿ, ಭೇದಿ, ಎರಡು ಮೂರು ದಿನದಲ್ಲಿ ಮರಿ ಕೈಬಿಟ್ಟು ಹೋಗುತ್ತದೆ. ಆ ವೈರಸ್ ನೆಲದಲ್ಲಿ ಒಂದು ವರ್ಷದ ತನಕ ಬದುಕಿರಬಲ್ಲದು. ನಮ್ಮ ಚಪ್ಪಲಿಗೆ ಅಂಟಿಕೊಂಡೇ ಮನೆಯೊಳಗೆ ಬರುತ್ತದೆ. ಹಾಗಾಗಿ ಹೊರಗೆ ಬಿಡದಿದ್ದರೂ ಲಸಿಕೆ ಬೇಕು. ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳು ತುಂಬಿದಾಗ ಒಂದು, ಮುಂದಿನ ವರ್ಷ ಮತ್ತೊಂದು. ಹೊರಗೆ ಸುತ್ತಿ ಬಂದ ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ, 15 ನಿಮಿಷ ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. "ನಮ್ಮನೆ ಬೆಕ್ಕು ತಾನೇ" ಅಂತ ಬಿಡಬೇಡಿ.

ಎರಡನೇ ಮಹಡಿ ಅಂದಿರಿ. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಅಂತ ನಂಬಿಕೊಂಡು ಬಾಲ್ಕನಿ ಬಾಗಿಲು ತೆಗೆದಿಡುವವರು ತುಂಬಾ ಜನ. 1987ರಲ್ಲಿ ನ್ಯೂಯಾರ್ಕಿನ ಒಂದು ಪ್ರಾಣಿ ಆಸ್ಪತ್ರೆಯ ಡಾಕ್ಟರುಗಳು, ಎತ್ತರದಿಂದ ಬಿದ್ದ 132 ಬೆಕ್ಕುಗಳ ವಿವರ ಬರೆದಿಟ್ಟರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವು. ಎಲ್ಲರೂ ಈ ತೊಂಬತ್ತನ್ನು ಹಿಡಿದುಕೊಂಡರು. ಆದರೆ ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರು ಆಸ್ಪತ್ರೆಗೆ ತಗೊಂಡು ಹೋಗುತ್ತಾರೆ? ಬದುಕಿದವಕ್ಕೂ ದವಡೆ ಸೀಳಿತ್ತು, ಎದೆಗೆ ಪೆಟ್ಟಾಗಿತ್ತು, ಕಾಲು ಮುರಿದಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಸಜ್ಜೆಯ ಮೇಲೆ ಪಾಚಿ ಬೇರೆ. ಮರಿ ಪಾರಿವಾಳವನ್ನೇ ನೋಡುತ್ತಿರುತ್ತದೆ, ಕಾಲ ಕೆಳಗೆ ನೋಡುವುದಿಲ್ಲ.

ಮತ್ತೆ ಸಂಪು. ಇದನ್ನು ಬೇರೆ ಊರಿನವರು ಬರೆಯುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಟ್ಯಾಂಕರ್ ನೀರು ಬಿಡುವಾಗ ಮುಚ್ಚಳ ತೆಗೆದರೆ ಎಷ್ಟೋ ಮನೆಯಲ್ಲಿ ಅರ್ಧ ದಿನ ಹಾಗೇ ಬಿದ್ದಿರುತ್ತದೆ. ನಯವಾದ ಗೋಡೆ, ಉಗುರಿಗೆ ಏನೂ ಸಿಗುವುದಿಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಮರಿಯನ್ನು ಬಕೆಟ್‌ಗೆ ಹಗ್ಗ ಕಟ್ಟಿ ಎತ್ತಿದ್ದೆವು. ಬಕೆಟ್ ಇಳಿದ ಕೂಡಲೇ ಅದರೊಳಗೆ ತಾನೇ ಹತ್ತಿ ಕೂತಿತು, ಪುಣ್ಯಕ್ಕೆ. ಮೇಲೆ ಬಂದಾಗ ಒದ್ದೆಯಾಗಿ ಇಲಿಯಷ್ಟೇ ಕಾಣುತ್ತಿತ್ತು.

ಹಾಗಾದರೆ ಕೂಗುವ ಮರಿಗೆ ಏನು ಮಾಡೋದು? ನೀವು ಬಾಗಿಲ ಹತ್ತಿರ ಹೋದಾಗಲೆಲ್ಲ ಅದು ಓಡಿ ಬರುತ್ತಿದೆ ಅಂದರೆ ಅದಕ್ಕೆ ಒಳಗೆ ಬೋರ್ ಆಗಿದೆ. ಬೆಕ್ಕಿಗೆ ಬೆಳಗಿನ ಜಾವ ಮತ್ತು ಮುಸ್ಸಂಜೆ ಬೇಟೆಯ ಹೊತ್ತು. ಸಂಜೆ ಆರಕ್ಕೆ ಹದಿನೈದು ನಿಮಿಷ ಕೋಲಿಗೆ ದಾರ, ದಾರಕ್ಕೆ ಬಟ್ಟೆ ಚೂರು ಕಟ್ಟಿ ಸಾಕು ಅನ್ನಿಸುವ ತನಕ ಓಡಿಸಿ, ಆಮೇಲೆ ಊಟ ಹಾಕಿ. ದಾರವನ್ನು ಮಾತ್ರ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ನಮ್ಮಲ್ಲಿ ಎರಡು ಮೂರು ವಾರದಲ್ಲಿ ಬಾಗಿಲ ರಾಗ ತೊಂಬತ್ತು ಪಾಲು ನಿಂತಿತು. ಕಿಟಕಿಗೆ ಒಂದು ಹಲಗೆ ಹಾಕಿಕೊಡಿ, ಬೀದಿ ಕಾಣುವ ಹಾಗೆ. ಅದೇ ಅದರ ಟೀವಿ.

ಬಾಲ್ಕನಿಗೆ ಪಾರಿವಾಳದ ನೈಲಾನ್ ನೆಟ್ ಒಂದನ್ನೇ ನಂಬಬೇಡಿ, ಮರಿ ಕಚ್ಚಿ ತೂತು ಮಾಡುತ್ತದೆ. ಬಾಡಿಗೆ ಮನೆ ಆದ್ದರಿಂದ ಗೋಡೆ ಕೊರೆಯಲು ಓನರ್ ಬಿಡದೇ ಇರಬಹುದು. ನಾನು ಮರದ ಚೌಕಟ್ಟಿಗೆ ಕಬ್ಬಿಣದ ವೆಲ್ಡ್ ಮೆಶ್ ಹೊಡೆಸಿ, ಗ್ರಿಲ್‌ಗೆ ಕೇಬಲ್ ಟೈ ಹಾಕಿ ಕಟ್ಟಿದೆ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಇಷ್ಟೆಲ್ಲ ಆದ ಮೇಲೂ ಮುಂದೆ ಎಂದಾದರೂ ಬಿಡಲೇಬೇಕು ಅನ್ನಿಸಿದರೆ, ಒಂದು ವರ್ಷ ತುಂಬಲಿ, ಆಪರೇಷನ್ ಮತ್ತು ಲಸಿಕೆ ಮುಗಿದಿರಲಿ, ಮೈಕ್ರೋಚಿಪ್ (ಚರ್ಮದ ಕೆಳಗೆ ಇಡುವ ಗುರುತಿನ ಸಣ್ಣ ಚಿಪ್) ಹಾಕಿಸಿ. ಮೊದಮೊದಲು ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಹಾಕಿ ಟೆರೇಸಿಗೆ ಕರೆದುಕೊಂಡು ಹೋಗಿ, ನೀವು ಜೊತೆಗಿರಿ. ಹಸಿದ ಹೊಟ್ಟೆಯಲ್ಲೇ ಹೋಗಲಿ, ಹಾಗಾದರೆ ಕರೆದಾಗ ಬರುತ್ತದೆ. ಕತ್ತಲಾಗುವ ಮೊದಲು ಒಳಗಿರಬೇಕು. ದೀಪಾವಳಿ ವಾರ ಬೇಡವೇ ಬೇಡ, ಪಟಾಕಿಗೆ ಹೆದರಿ ಓಡಿದ ಬೆಕ್ಕಿಗೆ ದಾರಿ ಗೊತ್ತಾಗುವುದಿಲ್ಲ. ಅಕ್ಕಪಕ್ಕದವರಿಗೆ "ಪಾಷಾಣ ಇಡುವಾಗ ಒಂದು ಮಾತು ಹೇಳಿ" ಅಂತ ಮೊದಲೇ ಕೇಳಿಕೊಳ್ಳಿ. ನಾನು ಆಮೇಲೆ ಕೇಳಿದೆ, ಅವರಿಗೂ ಪಾಪ ಅನ್ನಿಸಿ ಈಗ ಬೋನು ಇಡುತ್ತಾರೆ.

ಅಕಸ್ಮಾತ್ ಮರಿ ಈಗಲೇ ತಪ್ಪಿಸಿಕೊಂಡರೆ ದೂರ ಹುಡುಕಿಕೊಂಡು ಹೋಗಬೇಡಿ. ಹೆದರಿದ ಮರಿ ಹತ್ತಿರದಲ್ಲೇ ಎಲ್ಲಾದರೂ ಅಡಗಿರುತ್ತದೆ. ನಿಂತ ಕಾರಿನ ಬಾನೆಟ್ ತಟ್ಟಿ ನೋಡಿ, ಮೆಟ್ಟಿಲ ಕೆಳಗೆ, ಮೋಟರ್ ಗೂಡಿನೊಳಗೆ ನೋಡಿ. ಬೀದಿ ಸುಮ್ಮನಾದ ಮೇಲೆ ರಾತ್ರಿ ಟಾರ್ಚ್ ಹಿಡಿದು ಹೋದರೆ ಕಣ್ಣು ಹೊಳೆಯುತ್ತವೆ.

ಅತ್ತೆಗೆ ನಮ್ಮ ಅಜ್ಜಿ ಮನೆ ಲೆಕ್ಕ ಹೇಳಿ ನೋಡಿ. ಅವರ ಊರಿನ ಮನೆಯಲ್ಲಿ ಎಷ್ಟು ಬೆಕ್ಕು ಮುದಿಯಾಗಿದ್ದವು ಅಂತ ಕೇಳಿ. ಈ ವಾರ ಮಾತ್ರ ಮರಿಯ ಲಸಿಕೆ ಚೀಟಿ ಹುಡುಕಿ ತಾರೀಖು ನೋಡಿ. ಮುಂದಿನ ಡೋಸ್ ದಾಟಿ ಹೋಗಿದ್ದರೆ ಡಾಕ್ಟರ್ ಹತ್ತಿರ ಹೋದಾಗ ಆಪರೇಷನ್ ದಿನವನ್ನೂ ಅಲ್ಲೇ ಗೊತ್ತು ಮಾಡಿಕೊಂಡು ಬನ್ನಿ.