ಉತ್ತರ ಮೊದಲೇ ಸಿಕ್ಕಿಬಿಡುತ್ತಿದ್ದ ಹುಡುಗ

ಹೆಸರು, ಊರು ಬೇಡ. ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಯುತ್ತಿರುವ 19 ವರ್ಷದ ಹುಡುಗ ಅಂತಿಟ್ಟುಕೊಳ್ಳಿ. ಸಲಹೆ ಕೇಳೋಕೆ ನನ್ನ ಹತ್ತಿರ ಬಂದು ಕೂತವನೇ, "ಮೇಡಂ, ಈ ಕೆಲಸ ನನಗೆ ಒಗ್ಗಲ್ಲ, ಬಿಟ್ಟುಬಿಡ್ತೀನಿ" ಅಂದ.

ಆಗಿದ್ದು ಇಷ್ಟು. ಪ್ರಾಕ್ಟಿಕಲ್‌ನಲ್ಲಿ ಒಂದು ಸಿಂಗಲ್ ಫೇಸ್ ಮೋಟಾರ್ ಕೊಟ್ಟಿದ್ದರು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹಿಂದಿನ ರಾತ್ರಿಯೇ ಇಂಥದ್ದೊಂದು ವಿಡಿಯೋ ನೋಡಿದ್ದ, ಅದರಲ್ಲಿ ಕೆಪಾಸಿಟರ್ (ಮೋಟಾರ್ ತಿರುಗೋಕೆ ಶುರುವಾಗಲು ನೆರವಾಗುವ ಬಿಡಿಭಾಗ) ಬದಲಿಸಿದ ಕೂಡಲೇ ಮೋಟಾರ್ ಓಡಿತ್ತು. ಇವನೂ ಬದಲಿಸಿದ. ಊಹೂಂ. ಇನ್ನೊಂದು ಹಾಕಿದ, ಆಗಲೂ ಇಲ್ಲ. "ಅದನ್ನೇ ಯಾಕೆ ಬದಲಿಸಿದೆ?" ಅಂತ ಇನ್‌ಸ್ಟ್ರಕ್ಟರ್ ಎಲ್ಲರ ಎದುರು ಕೇಳಿದಾಗ ಬಾಯಿಂದ ಮಾತೇ ಹೊರಡಲಿಲ್ಲ. ಒಳಗೆ ಸ್ಟಾರ್ಟಿಂಗ್ ವೈಂಡಿಂಗ್, ಅಂದರೆ ಮೋಟಾರನ್ನು ಶುರು ಮಾಡಿಸುವ ತಂತಿ ಸುರುಳಿ, ತುಂಡಾಗಿತ್ತಂತೆ.

ಫೋನ್ ತೋರಿಸು ಅಂದೆ. ವೈರಿಂಗ್, ಪಂಪು, ಫ್ಯಾನು ಅಂತ ಸ್ಕ್ರೋಲ್ ಮಾಡಿದಷ್ಟೂ ಸೇವ್ ಮಾಡಿದ ವಿಡಿಯೋಗಳು. ಸೋಮಾರಿಯಂತೂ ಅಲ್ಲ. ಮನೆಯವರು ಫೋನ್ ಕಿತ್ತಿಡಬೇಕು ಅಂತಿದ್ದರು, ನನಗೆ ಅದು ಸರಿ ಕಾಣಲಿಲ್ಲ. ವಿಡಿಯೋ ತಪ್ಪಿರಲಿಲ್ಲ. ಇವನು ಯೋಚಿಸುವ ಮೊದಲೇ ಉತ್ತರ ಬಂದುಬಿಡುತ್ತಿತ್ತು, ಅಷ್ಟೇ.

ಅಲ್ಲೇ ಒಂದು ವಿಡಿಯೋ ಹಾಕಿಸಿ, ಮೆಕ್ಯಾನಿಕ್ ಸ್ಕ್ರೂಡ್ರೈವರ್ ಎತ್ತುವ ಮುಂಚೆ ನಿಲ್ಲಿಸಿದೆ. "ತಿರುಗದೇ ಇರೋಕೆ ಏನೇನು ಕಾರಣ ಇರಬಹುದು, ಹೇಳು." ನನಗೆ ಮೋಟಾರ್ ಬಗ್ಗೆ ಏನೂ ಗೊತ್ತಿಲ್ಲ, ಒಂದು ಲೆಕ್ಕಕ್ಕೆ ಅದೇ ಒಳ್ಳೇದಾಯ್ತು, ಎಲ್ಲವನ್ನೂ ಬಿಡಿಸಿ ಹೇಳಲೇಬೇಕಾಯಿತು. ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದವನು ಒಂದೊಂದೇ ಹೇಳಿದ: ವೋಲ್ಟೇಜ್ ಸಾಲದೇ ಇರಬಹುದು, ಬೇರಿಂಗ್ ಹಿಡಿದಿರಬಹುದು, ಇಲ್ಲಾ ಸ್ಟಾರ್ಟಿಂಗ್ ಕಡೆಗೆ ಕರೆಂಟ್ ಹೋಗುತ್ತಿಲ್ಲ. ಕೆಪಾಸಿಟರ್ ಯಾವುದರಲ್ಲಿ ಬರುತ್ತೆ ಅಂತ ಕೇಳಿದೆ. "ಮೂರನೇದರಲ್ಲಿ" ಅಂದವನು ಗಕ್ಕನೆ ನಿಂತ. "ಮೇಡಂ, ವೈಂಡಿಂಗೂ ಅದೇ ದಾರೀಲಿದೆ ಅಲ್ವಾ!"

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಯಾವ ವಿಡಿಯೋ ಆದರೂ ರಿಪೇರಿ ಶುರುವಾಗುವ ಮುಂಚೆ ನಿಲ್ಲಿಸಿ ನಿನ್ನ ಊಹೆ ಬರೆದಿಡು. ವರ್ಕ್‌ಶಾಪ್‌ನಲ್ಲಿ ಬಿಚ್ಚುವ ಮುಂಚೆ ಅರ್ಧ ನಿಮಿಷದ ವಾಯ್ಸ್ ರೆಕಾರ್ಡ್ ಮಾಡು: ಯಾವುದರ ಮೇಲೆ ಅನುಮಾನ, ಯಾಕೆ, ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯುವ ಮೀಟರ್) ಏನು ತೋರಿಸಿದರೆ ನನ್ನ ಅನುಮಾನ ತಪ್ಪು. ಈ ಕೊನೆಯದನ್ನು ಮಾತ್ರ ಬಿಡಲೇಬೇಡ ಅಂದೆ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ (PhET) ಅಂತ ಒಂದು ವೆಬ್‌ಸೈಟ್ ಇದೆ, ಉಚಿತ, ಅದರಲ್ಲಿ ಸರ್ಕ್ಯೂಟ್ ಜೋಡಿಸಿ ನೋಡಬಹುದು. ಸ್ವಿಚ್ ಒತ್ತುವ ಮುಂಚೆ ಮೀಟರ್ ಎಷ್ಟು ತೋರಿಸುತ್ತದೆ ಅಂತ ಬರೆಯಬೇಕು, ಇಲ್ಲದಿದ್ದರೆ ಅದೂ ಸುಮ್ನೆ ಆಟ. ಎಐ ಚಾಟ್ ಬಳಸುತ್ತೇನೆ ಅಂದ. ಬಳಸು, ಆದರೆ "ಉತ್ತರ ಹೇಳಬೇಡ, ನನ್ನನ್ನೇ ಪ್ರಶ್ನೆ ಕೇಳು" ಅಂತ ಅದಕ್ಕೆ ಹೇಳಿಬಿಡು. ಅದು ತಪ್ಪನ್ನೂ ಗಟ್ಟಿ ಧೈರ್ಯದಲ್ಲೇ ಹೇಳುತ್ತದೆ, ಹಾಗಾಗಿ ಮೀಟರ್ ಬೇರೆ ಹೇಳಿದರೆ ಮೀಟರ್ ಮಾತನ್ನೇ ನಂಬು.

ಮೂರು ವಾರ ಬಿಟ್ಟು ಬಂದ. ಒಂದು ರೆಕಾರ್ಡಿಂಗ್ ಕೇಳಿಸಿದ: "ಬೇರಿಂಗ್ ಅಂತ ಅನುಮಾನ. ಕರೆಂಟ್ ತೆಗೆದು ಶಾಫ್ಟ್ ಕೈಯಲ್ಲಿ ತಿರುಗಿಸ್ತೀನಿ, ಸಲೀಸಾಗಿ ತಿರುಗಿದ್ರೆ ನಾನು ಹೇಳಿದ್ದು ತಪ್ಪು." ಒಂದು ಕ್ಷಣ ಬಿಟ್ಟು, ನಗು. "ತಪ್ಪು."

ಕೆಲಸ ಬಿಡುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.