ನನ್ನ ಯೋಚನೆ ನನ್ನದೇನಾ?

ಪ್ರಶ್ನೆ: ನನ್ನ ನಾಚಿಕೆ, ಭಯ, ಯೋಚಿಸುವ ರೀತಿ ಎಲ್ಲವೂ ಸಂಸ್ಕೃತಿ ಕೊಟ್ಟದ್ದು ಅನ್ನುತ್ತಾರೆ. ಹಾಗಾದರೆ ಅದು ಅಚ್ಚು, ನಾನು ಬರೀ ಮಣ್ಣಾ?

ಉತ್ತರ: ಅಚ್ಚು ಮಾಡಿದವರು ಯಾರು ಅಂತ ಕೇಳಿಕೊಂಡಿದ್ದೀರಾ? ಅದೂ ನಿಮ್ಮ ಹಾಗಿನ ಮಣ್ಣೇ ಅಲ್ವಾ. ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಇದು ಕಣ್ಣೆದುರೇ ನಡೆದಿದೆ.

1977ರಲ್ಲಿ ಅಲ್ಲಿನ ರಾಜಧಾನಿ ಮನಾಗುವಾದಲ್ಲಿ ಒಂದು ವಿಶೇಷ ಶಾಲೆ ಶುರುವಾಯಿತು. ಅಲ್ಲಿಯವರೆಗೆ ಕಿವಿ ಕೇಳದ ಮಕ್ಕಳು ಹೆಚ್ಚಾಗಿ ಅವರವರ ಮನೆಯಲ್ಲೇ ಇರುತ್ತಿದ್ದರು, ಮನೆಯವರ ಜೊತೆ ಮಾಡಿಕೊಂಡ ಒಂದಿಷ್ಟು ಕೈಸನ್ನೆ ಬಿಟ್ಟರೆ ಅವರಿಗೆ ಭಾಷೆ ಅಂತ ಇರಲಿಲ್ಲ. ಶಿಕ್ಷಕರು ತುಟಿ ನೋಡಿ ಸ್ಪ್ಯಾನಿಷ್ ಕಲಿಯಿರಿ ಅಂದರು. ಅದು ಮಕ್ಕಳ ತಲೆಗೆ ಹತ್ತಲಿಲ್ಲ. ಆದರೆ ಆಟದ ಬಯಲಲ್ಲಿ, ಬಸ್ಸಿನಲ್ಲಿ ಒಬ್ಬರ ಸನ್ನೆಗೆ ಇನ್ನೊಬ್ಬರದ್ದು ಸೇರಿಸುತ್ತಾ ಸೇರಿಸುತ್ತಾ ಒಂದು ಹೊಸ ಭಾಷೆಯನ್ನೇ ಕಟ್ಟಿಬಿಟ್ಟರು! ಆಮೇಲೆ ಬಂದ ಚಿಕ್ಕವರು ಅದರ ವ್ಯಾಕರಣವನ್ನು ಇನ್ನಷ್ಟು ಬೆಳೆಸಿದರು. ದೊಡ್ಡವರು ಯಾರೂ ಹೇಳಿಕೊಟ್ಟದ್ದಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಮುಂದಿನ ಭಾಗ. ಮೊದಲು ಬಂದವರ ಸನ್ನೆಗಳಲ್ಲಿ 'ಅಂದುಕೊಳ್ಳು', 'ಗೊತ್ತು' ಇಂಥ ಮನಸ್ಸಿನ ಮಾತುಗಳು ತೀರಾ ಕಡಿಮೆ. ಜೆನಿ ಪೈಯರ್ಸ್ ಮತ್ತು ಆ್ಯನ್ ಸೆಂಗಾಸ್ ಅನ್ನುವ ಸಂಶೋಧಕಿಯರು ಅವರಿಗೆ ಚಿತ್ರಗಳಲ್ಲಿ ಕಥೆ ತೋರಿಸಿದರು. ಕಥೆ ಈ ಥರದ್ದು: ಅಣ್ಣ ಆಟಿಕೆಯನ್ನು ಮಂಚದ ಕೆಳಗಿಟ್ಟು ಹೊರಗೆ ಹೋಗುತ್ತಾನೆ, ತಮ್ಮ ಅದನ್ನು ಬೇರೆ ಕಡೆ ಬಚ್ಚಿಡುತ್ತಾನೆ. ಅಣ್ಣ ಬಂದು ಎಲ್ಲಿ ಹುಡುಕುತ್ತಾನೆ? ಮಂಚದ ಕೆಳಗೆ, ಪಾಪ, ಅವನಿಗೇನು ಗೊತ್ತು! ಆದರೆ ಬೆಳೆದು ದೊಡ್ಡವರಾಗಿದ್ದರೂ ಮೊದಲ ಗುಂಪಿನ ಹಲವರು ಇಲ್ಲಿ ಎಡವಿದರು. ಚಿಕ್ಕವರು ಸುಲಭವಾಗಿ ಹೇಳಿದರು. ಮುಂದೆ ಆ ದೊಡ್ಡವರು ಮನಸ್ಸಿನ ಮಾತುಗಳನ್ನು ಕಲಿತ ಮೇಲೆ ಮತ್ತೆ ಪರೀಕ್ಷಿಸಿದರೆ, ಅವರ ಉತ್ತರವೂ ಸುಧಾರಿಸಿತ್ತು. 2009ರಲ್ಲಿ ಇದು ಪ್ರಕಟವಾಯಿತು. ತಾವೇ ಶುರುಮಾಡಿದ ಭಾಷೆ, ಚಿಕ್ಕವರ ಕೈಯಲ್ಲಿ ಬೆಳೆದು, ವಾಪಸ್ ಅವರ ತಲೆಗೇ ಬಂದು ಕೆಲಸ ಮಾಡಿತು ನೋಡಿ.

ಹಾಗಂತ ಒಬ್ಬರೇ ಎಲ್ಲ ಬದಲಿಸುತ್ತಾರೆ ಅಂತ ನಾನು ಹೇಳಲಾರೆ. ಅದೇ ಮಕ್ಕಳು ಮನೆಯಲ್ಲಿ ಒಂಟಿಯಾಗಿದ್ದಾಗ ನಾಲ್ಕು ಸನ್ನೆ ಆಗಿತ್ತೇ ಹೊರತು ಭಾಷೆ ಆಗಲಿಲ್ಲ. ನಿಮ್ಮ ನಾಚಿಕೆಯದ್ದೂ ಬಹುಶಃ ಇದೇ ಕಥೆ. ಅದು ಬೇಡ ಅಂತ ಒಬ್ಬರೇ ಕೂತು ಅಂದುಕೊಂಡರೆ ಹೋಗುವುದಿಲ್ಲ. ನನಗೂ ಹಾಗೇ ಆಗುತ್ತದೆ ಅನ್ನುವ ಇನ್ನೊಬ್ಬರನ್ನು ಹುಡುಕಿ, ಇಬ್ಬರೂ ಅದರ ಬಗ್ಗೆ ಬಾಯಿಬಿಟ್ಟು ಮಾತಾಡಿ.